ಮಾರ್ಸ್‌ಬಿಯ ಗಣ್ಯರ ಪಟ್ಟಿಯಲ್ಲಿ ನಮ್ಮ ಮಾವ

‘ಗಣ್ಯ’ ಎಂಬ ಪದಕ್ಕೆ ಮೊದಲು ಒಂದು ‘ನ’ ಸೇರಿಸಿದರೆ ‘ನಗಣ್ಯ’ವಾಗುತ್ತದೆ. ಎರಡಕ್ಕೂ ನಡುವಿನ ದೂರ ಒಂದೇ ಅಕ್ಷರ. ಮೈಸೂರಿನಲ್ಲಿದ್ದಾಗ ನಾನು ಗಣ್ಯಳಲ್ಲದಿದ್ದರೂ ತೀರ ನಗಣ್ಯಳೇನೂ ಆಗಿರಲಿಲ್ಲ. ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದೆ, ಸಿಟಿ ಬಸ್ಸಿನಲ್ಲಿ ‘ಕೂತ್ಕೊಳ್ಳಿ ಮೇಡಂ’ ಎಂದು ಎದ್ದು ನಿಲ್ಲುವ ಒಬ್ಬಿಬ್ಬರು ವಿದ್ಯಾರ್ಥಿಗಳಾದರೂ ಇದ್ದರು. ಮದುವೆಯಾಗಿ ಸಿಯಾಟಲ್ ಪಕ್ಕದ ಓವರ್‌ಲೇಕಿಗೆ ಬಂದಿಳಿದಾಗ ನನ್ನ ವೀಸಾ ‘ಡಿಪೆಂಡೆಂಟ್’ ಎಂದಿತು. ಅಂದರೆ ಗಂಡ ಸಾಫ್ಟ್‌ವೇರ್ ಕಂಪನಿಗೆ ಹೋಗಬೇಕು, ನಾನು ಮನೆಯಲ್ಲಿ ಕೂತು ಅವರನ್ನು ಅವಲಂಬಿಸಬೇಕು. ಅವಲಂಬಿಸುವುದು ಅಂಥ ದೊಡ್ಡ ಕೆಲಸವೇನಲ್ಲ, ಬೆಳಗ್ಗೆ ಹತ್ತಕ್ಕೆಲ್ಲ ಮುಗಿದುಹೋಗುತ್ತದೆ. ಮಿಕ್ಕ ಹೊತ್ತಿಗೆ ಮನೆಯ ಕಂಪ್ಯೂಟರೇ ಗತಿ. ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದು ಇಂಟರ್‌ನೆಟ್ಟಿನಲ್ಲಿ ಹೆಸರು ಮಾಡುತ್ತಿದ್ದ ಕಾಲ ಅದು. ಪೇಪರ್ ತಿದ್ದಿ ಅಭ್ಯಾಸವಾದ ಕೈ ಸುಮ್ಮನಿರುತ್ತದೆಯೇ? ಆಮ್ಲ, ಪ್ರತ್ಯಾಮ್ಲ, ಲವಣ ಎಂದು ಸಿಕ್ಕಿದ ಪುಟಗಳಲ್ಲೆಲ್ಲ ಕಾಗುಣಿತ ತಿದ್ದುತ್ತ ಕೂರುತ್ತಿದ್ದೆ. ಸಂಬಳವಿಲ್ಲದ ಕೆಲಸಕ್ಕೆ ವೀಸಾದವರ ತಕರಾರಿಲ್ಲ.

ಹೀಗಿರುವಾಗ ಅತ್ತೆ, ಮಾವ ಆರು ತಿಂಗಳಿಗೆಂದು ಬಂದರು. ನಮ್ಮ ಮಾವ ನಂಜುಂಡಮೂರ್ತಿಯವರು ನೀರು ಸರಬರಾಜು ಇಲಾಖೆಯಿಂದ ನಿವೃತ್ತರಾದ ಎಂಜಿನಿಯರು. ಹರೆಯದಲ್ಲಿ ಅವರನ್ನು ಇಲಾಖೆಯವರು ಪಂಪುಗಳ ತರಬೇತಿಗೆಂದು ಇಂಗ್ಲೆಂಡಿನ ಮಾರ್ಸ್‌ಬಿ ಎಂಬ ಸಮುದ್ರತೀರದ ಪುಟ್ಟ ಊರಿಗೆ ಒಂಬತ್ತು ತಿಂಗಳು ಕಳಿಸಿದ್ದರು. ಆ ಒಂಬತ್ತು ತಿಂಗಳು ಇನ್ನೂ ಮುಗಿದಿಲ್ಲ. ಇಲ್ಲಿ ಮಳೆ ಬಂದರೆ, “ಇದೇನು ಮಳೆ ಬಿಡಮ್ಮ, ಮಾರ್ಸ್‌ಬಿ ಮಳೆ ಅಡ್ಡಡ್ಡ ಬರೋದು” ಎನ್ನುವರು. ಸಮುದ್ರ ತೋರಿಸೋಣವೆಂದು ಕರೆದುಕೊಂಡು ಹೋದರೆ, ದಡದಲ್ಲಿ ಐದು ನಿಮಿಷ ನಿಂತು, “ಅಲೆಗಳೇ ಇಲ್ವಲ್ಲ, ಇದು ಸಮುದ್ರಾನಾ ಕೆರೆನಾ?” ಎಂದು ಕೇಳಿದರು. ಅತ್ತೆ ಮಾತ್ರ ಸೆರಗು ಹೊದ್ದುಕೊಂಡು, “ನೀವಲ್ಲಿ ಇದ್ದಿದ್ದು ಒಂಬತ್ತು ತಿಂಗಳು, ಹೇಳ್ತಾ ಇರೋದು ನಲವತ್ತು ವರ್ಷ. ಒಂಬತ್ತು ತಿಂಗಳು ಹೊತ್ತು ಹೆತ್ತ ನಾನೇ ಇಷ್ಟು ಹೇಳಿಕೊಂಡಿಲ್ಲ” ಎಂದರು.

ಮಾರ್ಸ್‌ಬಿ ಪುರಾಣದಲ್ಲಿ ಮುಖ್ಯವಾದದ್ದು ದೋಣಿಕೊಳದ ಪ್ರಸಂಗ. ಸಮುದ್ರದ ಪಕ್ಕದಲ್ಲೇ ದೋಣಿ ಬಿಡುವುದಕ್ಕೆಂದು ಕಟ್ಟಿಸಿದ ಒಂದು ಕೊಳವಿತ್ತಂತೆ. ಒಂದು ರಜೆಯ ದಿನ, ಊರಿಗೆ ಊರೇ ಅಲ್ಲಿ ನೆರೆದಿದ್ದಾಗ, ಕೊಳಕ್ಕೆ ನೀರು ತುಂಬುವ ಪಂಪು ಕೆಟ್ಟು ದೋಣಿಗಳೆಲ್ಲ ಕೆಸರಿನಲ್ಲಿ ಕೂತವು. ರಿಪೇರಿಯವರೂ ರಜೆಯಲ್ಲಿದ್ದರು. ವಾಕಿಂಗ್ ಹೊರಟಿದ್ದ ನಮ್ಮ ಮಾವ ಪ್ಯಾಂಟು ಮಡಚಿ ಇಳಿದು ನೋಡಿದರೆ, ನೀರೆಳೆಯುವ ಕೊಳವೆಯ ತುದಿಯ ಫುಟ್‌ವಾಲ್ವಿನ ಬಾಯಲ್ಲಿ ಯಾರದೋ ಉಣ್ಣೆಯ ಕಾಲುಚೀಲ! ಎಳೆದು ತೆಗೆದರು, ಪಂಪು ಓಡಿತು, ಸಂಜೆಯೊಳಗೆ ದೋಣಿಗಳು ತೇಲಿದವು. “ಮಾರನೇ ದಿನ ಪೇಪರಲ್ಲಿ ನನ್ನ ಹೆಸರು ಬಂದಿತ್ತು ಕಣಮ್ಮಾ” ಎಂದು ಮಾವ ಕತೆ ಮುಗಿಸುತ್ತಿದ್ದರು. ಆಗೆಲ್ಲ ಅತ್ತೆ ಏನೋ ಹೇಳಹೋಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ನನ್ನ ಬುದ್ಧಿವಂತಿಕೆ ತಲೆಯೆತ್ತಿದ್ದು ಆಗ. ಒಂದು ಬೆಳಗ್ಗೆ ವಿಶ್ವಕೋಶದಲ್ಲಿ ಮಾರ್ಸ್‌ಬಿಯ ಪುಟ ಹುಡುಕಿದೆ. ಅದರ ಕೊನೆಯಲ್ಲಿ ಊರಿನ ಗಣ್ಯರ ಪಟ್ಟಿಯಿತ್ತು. ಇಬ್ಬರು ಪಾದ್ರಿಗಳು, ಒಬ್ಬ ಮರೆತುಹೋದ ಕ್ರಿಕೆಟಿಗ, ಭಾರೀ ಎಲೆಕೋಸು ಬೆಳೆದು ಬಹುಮಾನ ಗೆದ್ದವನೊಬ್ಬ, ಆಮೇಲೆ ಅಲ್ಲಿ ಹುಟ್ಟಿ ಮೂರೇ ವಾರಕ್ಕೆ ಊರು ಬಿಟ್ಟ ಒಬ್ಬ ನಟ. ನನಗೆ ರೇಗಿತು. ಮೂರು ವಾರ ತೊಟ್ಟಿಲಲ್ಲಿ ಮಲಗಿದ್ದವನು ಗಣ್ಯನಾದರೆ ಒಂಬತ್ತು ತಿಂಗಳು ದುಡಿದವರು ಯಾಕಾಗಬಾರದು? ‘ತಿದ್ದು’ ಒತ್ತಿ, ಎಲೆಕೋಸಿನವನ ಕೆಳಗೆ, ‘ಎನ್. ಮೂರ್ತಿ, ಭಾರತೀಯ ಎಂಜಿನಿಯರ್, ದೋಣಿಕೊಳವನ್ನು ಉಳಿಸಿದವರು’ ಎಂದು ಇಂಗ್ಲಿಷಿನಲ್ಲಿ ಬರೆದು ಮಾವನನ್ನು ಕರೆದೆ. ಅವರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ಆಮೇಲೆ ಫೋನಿನ ಕಡೆ ನಡೆದು ಮೈಸೂರಿನ ತಮ್ಮ ವಾಕಿಂಗ್ ಗೆಳೆಯ ಶಾಮಣ್ಣನವರಿಗೆ ಸುದ್ದಿ ಮುಟ್ಟಿಸಿದರು. ಶಾಮಣ್ಣನಿಗೆ ಹೇಳುವುದೂ ಒಂದೇ, ಪಾರ್ಕಿನಲ್ಲಿ ಡಂಗುರ ಹೊಡೆಸುವುದೂ ಒಂದೇ.

ಅವರು ಫೋನಿಡುವಷ್ಟರಲ್ಲಿ ಹೆಸರು ಮಾಯವಾಗಿತ್ತು. ‘ಓಲ್ಡ್ ಹೆರಿಂಗ್’ ಎಂಬ ಹೆಸರಿಟ್ಟುಕೊಂಡವರೊಬ್ಬರು ಅದನ್ನು ತೆಗೆದು, ‘ಗಣ್ಯರಲ್ಲ, ಆಧಾರವಿಲ್ಲ’ ಎಂದು ಷರಾ ಬರೆದಿದ್ದರು. ಮತ್ತೆ ಹಾಕಿದೆ. ಮತ್ತೆ ತೆಗೆದರು. ಹೆರಿಂಗ್ ಎಂದರೆ ಒಂದು ಜಾತಿಯ ಮೀನು. ಈರುಳ್ಳಿಯನ್ನೂ ಹಬ್ಬದ ದಿನ ದೂರವಿಡುವ ನಮ್ಮ ಮನೆಗೆ ಇಂಥದ್ದೊಂದು ಗಂಟುಬಿತ್ತು. ಮಾವನಿಗೆ ಹೇಳುವ ಧೈರ್ಯ ನನಗಿಲ್ಲ. ಅವರು ದೇವರಿಗೆ ದೀಪ ಹಚ್ಚಿ ನೇರ ಕಂಪ್ಯೂಟರಿನ ಹತ್ತಿರ ಬರುತ್ತಿದ್ದರು. ಬರುವ ಹೊತ್ತಿಗೆ ಸರಿಯಾಗಿ ನಾನು ಹೆಸರು ಹಾಕಿ ತೋರಿಸಬೇಕಾಗಿತ್ತು. ಬಿಸಿಬಿಸಿ ದೋಸೆ ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿರಲಿಲ್ಲ. ನಾಲ್ಕನೆಯ ದಿನ ಅತ್ತೆಗೆ ಸುಳಿವು ಸಿಕ್ಕಿತು. ಅಡಿಗೆಮನೆಯಲ್ಲಿ ಹತ್ತಿರ ಬಂದು ಪಿಸುಗುಟ್ಟಿದರು: “ಏನಂತೆ ನಿನ್ನ ಹೆರಿಗೆ?” ನಾನು ಬೆಚ್ಚಿ ನೋಡಿದೆ. “ಅದೇ ಕಣೇ, ಆ ಇಂಗ್ಲಿಷಿನವನು!” ಎಂದರು.

ಅಷ್ಟರಲ್ಲಿ ನನಗೊಂದು ಸತ್ಯ ಹೊಳೆದಿತ್ತು. ಎಂಥ ಕಾವಲುಗಾರನಾದರೂ ನಿದ್ದೆ ಮಾಡಲೇಬೇಕು. ನಮಗೆ ಮಧ್ಯಾಹ್ನ ನಾಲ್ಕಾದಾಗ ಇಂಗ್ಲೆಂಡಿನಲ್ಲಿ ನಡುರಾತ್ರಿ. ಆಗ ಹಾಕಿದ ಹೆಸರು ಅವರು ಬೆಳಗ್ಗೆ ಏಳಕ್ಕೆ ಏಳುವವರೆಗೂ ಭದ್ರ. ಅವರು ಏಳುವಾಗ ಮೈಸೂರಿನಲ್ಲಿ ಬೆಳಗ್ಗೆ ಹನ್ನೊಂದೂವರೆ. ಶಾಮಣ್ಣನವರು ಶನಿವಾರ ಪಾರ್ಕಿನ ಬಳಗವನ್ನೆಲ್ಲ ಕಟ್ಟಿಕೊಂಡು ಇಂಟರ್‌ನೆಟ್ ಸೆಂಟರಿಗೆ ಹೋಗಿ ಕಣ್ಣಾರೆ ನೋಡುವುದೆಂದು ನಿಶ್ಚಯವಾಗಿತ್ತು. ಶನಿವಾರ ರಾಹುಕಾಲ ಮುಗಿಯುವುದು ಹತ್ತೂವರೆಗೆ. ಅದಕ್ಕೆ ಮೊದಲು ಶಾಮಣ್ಣ ಹೊಸ್ತಿಲು ದಾಟುವವರಲ್ಲ. ಉಳಿದದ್ದು ಒಂದು ಗಂಟೆ. ಸಾಕು ಎಂದುಕೊಂಡು ಶುಕ್ರವಾರ ನಾಲ್ಕಕ್ಕೆ ಸರಿಯಾಗಿ ಹೆಸರು ಹಾಕಿ, ದೇವರಿಗೆ ಕೈಮುಗಿದೆ.

ಹತ್ತೂವರೆಗೆ ಶಾಮಣ್ಣ ಹೊರಟರು. ಹತ್ತು ಮುಕ್ಕಾಲಿಗೆ ಮೈಸೂರಿನಲ್ಲಿ ಕರೆಂಟು ಹೋಯಿತು. ಬಂದದ್ದು ಹನ್ನೆರಡಕ್ಕೆ.

ಫೋನಿನ ಆ ಕಡೆಯಿಂದ “ನಿನ್ನ ಹೆಸರೇ ಇಲ್ವಲ್ಲಯ್ಯಾ, ಎಲೆಕೋಸಿನವನಿದಾನೆ” ಎಂದದ್ದು ಕೋಣೆಗೆಲ್ಲ ಕೇಳಿಸಿತು. ಮಾವ “ಹೌದೇ?” ಎಂದಷ್ಟೇ ಹೇಳಿ ಫೋನಿಟ್ಟರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. “ಪಾಪ, ನೀನೆಷ್ಟು ಕಷ್ಟಪಟ್ಟೆ” ಎಂದುಬಿಟ್ಟರು. ಎರಡು ದಿನ ಮನೆಯಲ್ಲಿ ಮಾರ್ಸ್‌ಬಿಯ ಸುದ್ದಿಯೇ ಇಲ್ಲ. ಮಳೆ ಬಂತು, ಅಡ್ಡಡ್ಡವಾಗಿಯೇ ಬಂತು. ಮಾವ ಕಿಟಕಿಯಿಂದ ನೋಡಿ ಸುಮ್ಮನಾದರು. ನಲವತ್ತು ವರ್ಷ ಅವರು ನೆಮ್ಮದಿಯಾಗಿ ಹೇಳಿಕೊಂಡು ಬಂದಿದ್ದ ಕತೆಯನ್ನು ನಾನು ತೀರ್ಪಿಗೆ ಒಯ್ದು ಸೋಲಿಸಿಕೊಂಡು ಬಂದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂರನೆಯ ದಿನ ಅತ್ತೆ ಪಾಸ್‌ಪೋರ್ಟು ಇಟ್ಟುಕೊಳ್ಳುವ ಕೈಚೀಲ ತಂದು, ಒಳಜೇಬಿನಿಂದ ಹಳದಿ ತಿರುಗಿದ ಕಾಗದದ ಚೂರೊಂದನ್ನು ತೆಗೆದು ನನ್ನ ಮುಂದಿಟ್ಟರು. “ಆಧಾರ ಬೇಕಂತಲ್ಲ ನಿನ್ನ ಹೆರಿಗೆಗೆ. ತಗೋ.” ಮಾರ್ಸ್‌ಬಿಯ ಪೇಪರಿನ ತುಣುಕು! ದೋಣಿ, ಕೊಳ, ಪ್ಯಾಂಟು ಮಡಚಿ ನಿಂತ ತೆಳ್ಳನೆಯ ಮಾವ, ಎಲ್ಲವೂ ಇತ್ತು. ಕೆಳಗೆ ‘ಭಾರತದ ಮಿಸ್ಟರ್ ಮರ್ಫಿ’ ಎಂದು ಅಚ್ಚಾಗಿತ್ತು. ಮೂರ್ತಿಗೂ ಮರ್ಫಿಗೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ‘ಟಿ’ ಇರಬೇಕಾದಲ್ಲಿ ‘ಪಿ’. ಆ ‘ಪಿ’ಯನ್ನು ಯಾರೋ ನೀಲಿ ಇಂಕಿನಲ್ಲಿ ಜಾಗ್ರತೆಯಾಗಿ ‘ಟಿ’ ಮಾಡಿದ್ದರು. ಯಾರೋ ಏನು, ಮಾವನೇ.

“ಮದುವೆಯಾಗಿ ನಾಲ್ಕು ತಿಂಗಳಾಗಿತ್ತು, ಕಾಗದದ ಜೊತೆ ಇಟ್ಟು ಕಳಿಸಿದ್ರು” ಎಂದರು ಅತ್ತೆ. “ಸಮುದ್ರ ದಾಟಿದ್ರೆ ಕುಲ ಕೆಡುತ್ತೆ ಅಂತ ನಮ್ಮತ್ತೆ ಹೆದರಿಕೊಂಡಿದ್ರು. ಇವರಿಗೆ ಹೆಸರೇ ಕೆಟ್ಟಿತು ನೋಡು.” ನಕ್ಕರು. ಆದರೆ ಆ ಚೂರನ್ನು ಹಿಡಿದ ಬೆರಳು ಕುಂಕುಮದ ಭರಣಿ ಹಿಡಿದಷ್ಟು ಹದವಾಗಿತ್ತು. ನಲವತ್ತು ವರ್ಷ ಗಂಡನನ್ನು ಗೇಲಿ ಮಾಡುತ್ತಲೇ ಇವರು ಇದನ್ನು ಕಾಪಾಡಿಕೊಂಡಿದ್ದರು, ಅಮೆರಿಕದವರೆಗೂ ತಂದಿದ್ದರು.

ಅದನ್ನು ಸ್ಕ್ಯಾನ್ ಮಾಡಿಸಿ ಹೆರಿಂಗ್ ಅವರಿಗೆ ಕಳಿಸಿ, ಮರ್ಫಿಯ ವೃತ್ತಾಂತವನ್ನೂ ಮುಚ್ಚುಮರೆಯಿಲ್ಲದೆ ಬರೆದೆ. ಮಾರನೆಯ ದಿನ ಉತ್ತರ ಬಂತು. ಉದ್ದವಾಗಿತ್ತು. ಆ ಕೊಳ ಈಗ ಇಲ್ಲವಂತೆ, ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರಂತೆ. ಆ ದಿನ ದೋಣಿಗಾಗಿ ಸಾಲಿನಲ್ಲಿ ನಿಂತವರ ನಡುವೆ ತಾವೂ ಇದ್ದಿರಬಹುದಂತೆ. ಆದರೂ ಕ್ಷಮಿಸಬೇಕಂತೆ. ಒಂದು ಪೇಪರಿನ ಒಂದು ಸುದ್ದಿ ಗಣ್ಯತೆಗೆ ಸಾಲದು, ಅದೂ ಸುದ್ದಿ ಮರ್ಫಿಯದು, ಅದೂ ಆಧಾರಕ್ಕೆ ಇಂಕು ತಗುಲಿದೆ. ‘ನಾನು ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದೇನೆ. ಆ ಪಟ್ಟಿಯಲ್ಲಿ ನಾನೂ ಇಲ್ಲ’ ಎಂದು ಮುಗಿಸಿದ್ದರು.

ಓದಿ ಹೇಳಿದೆ. ಮಾವ ಕುರ್ಚಿಯ ಅಂಚಿಗೆ ಬಂದರು. “ಅವರೇ ಇಲ್ವೇ? ಪಾಪ! ಮೊದಲು ಅವರ ಹೆಸರು ಹಾಕಮ್ಮ.” ಹಾಗೆಲ್ಲ ಹಾಕುವಂತಿಲ್ಲ ಎಂದು ಅವರಿಗೆ ತಿಳಿಸುವಷ್ಟರಲ್ಲಿ ನಿಯಮಗಳೆಲ್ಲ ನನಗೇ ಬಾಯಿಪಾಠವಾದವು. ಅಲ್ಲಿಂದ ಮಾವ ತಾವೇ ಒಂದು ಬೆರಳಿನಲ್ಲಿ ಮಾರ್ಸ್‌ಬಿಯ ಪುಟದಲ್ಲಿ ಓಡಾಡತೊಡಗಿದರು. ಒಂದು ಮಧ್ಯಾಹ್ನ ಕೂಗಿದರು: “ಶೈಲಾ, ಇಲ್ಲಿ ಮೇಲೆ ‘ಹಿಸ್ಟರಿ’ ಅಂತಿದೆಯಲ್ಲ, ಏನಿದು?”

“ಅದಾ ಮಾವ, ಯಾರು ಏನು ಹಾಕಿದ್ರು, ಏನು ತೆಗೆದ್ರು ಅಂತ ಎಲ್ಲಾ ಅಲ್ಲಿರುತ್ತೆ. ಹಳೇ ಪುಟಗಳೂ ಇರುತ್ತೆ.”

“ತೆಗೆದುಹಾಕಿದ್ದೂ ಇರುತ್ತಾ?”

“ಇರುತ್ತೆ. ಅದನ್ನ ನಮ್ಮಂಥವರು ಅಳಿಸೋಕಾಗಲ್ಲ.”

“ಹೆರಿಂಗ್ ಸಾಹೇಬರೂ?”

“ಅವರೂ.”

ಮಾವ ಬೆರಳಿಟ್ಟು ಎಣಿಸಿದರು. ಹತ್ತೊಂಬತ್ತು ಸಲ ನಾನು ಹಾಕಿದ್ದೆ, ಹತ್ತೊಂಬತ್ತು ಸಲ ಅವರು ತೆಗೆದಿದ್ದರು. ಮಾವ ಎದ್ದು ನಿಂತು ಅಂಗಿಯ ಕಾಲರು ಸರಿಪಡಿಸಿಕೊಂಡು ಮೈಸೂರಿಗೆ ಫೋನು ಮಾಡಿದರು. “ಶಾಮಣ್ಣಾ, ನೀನು ನೋಡಬೇಕಾದ ಜಾಗ ಅದಲ್ವಯ್ಯಾ. ‘ಹಿಸ್ಟರಿ’ ಅಂತಿರುತ್ತೆ, ಅದನ್ನ ಒತ್ತು. ಒಂದು ಸಲ ಇತಿಹಾಸ ಸೇರೋಕೆ ಜನ ಸಾಯಬೇಕು. ನಾನು ಬದುಕಿರುವಾಗಲೇ ಹತ್ತೊಂಬತ್ತು ಸಲ ಸೇರಿದೀನಿ!” ಆ ಸಂಜೆ ಮತ್ತೆ ಮಾರ್ಸ್‌ಬಿಯ ಮಳೆ ಶುರುವಾಯಿತು. ಅತ್ತೆ ನಿಟ್ಟುಸಿರು ಬಿಟ್ಟು ಎರಡನೆಯ ಲೋಟ ಕಾಫಿ ಕೊಟ್ಟರು.

ಹೆರಿಂಗ್ ಅವರಿಗೂ ನನಗೂ ಸ್ನೇಹವಾಯಿತು. ರಾತ್ರಿ ಹೊತ್ತು ಯಾರು ಯಾರೋ ಬಂದು ತಮ್ಮ ಹೆಸರು, ತಮ್ಮ ನಾಯಿಯ ಹೆಸರು ಗಣ್ಯರ ಪಟ್ಟಿಗೆ ಸೇರಿಸಿ ಹೋಗುತ್ತಾರೆ, ತಾವು ಮಲಗಿರುವಾಗ ಪುಟವನ್ನು ಸ್ವಲ್ಪ ನೋಡಿಕೊಳ್ಳಬಹುದೇ ಎಂದು ಅವರು ಕೇಳಿದರು. ಅಮೆರಿಕಕ್ಕೆ ಬಂದ ಮೇಲೆ ನನ್ನನ್ನು ಒಬ್ಬರು ಕೆಲಸಕ್ಕೆ ಕೇಳಿದ್ದು ಅದೇ ಮೊದಲು. ಒಪ್ಪಿಕೊಂಡೆ. ನಾನು ಕಾಣದ ಊರಿಗೆ, ನಾನು ತಿನ್ನದ ಮೀನಿನ ಕೈಕೆಳಗೆ, ಮಧ್ಯಾಹ್ನ ನಾಲ್ಕರಿಂದ ಕಾವಲು. ಒಂದು ವಾರದಲ್ಲಿ ಎರಡು ನಾಯಿಗಳನ್ನೂ ಒಬ್ಬ ಕ್ಷೌರಿಕನನ್ನೂ ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಿದೆ.

ಅತ್ತೆ ಮಾವ ಊರಿಗೆ ಹೊರಟ ದಿನ ನಾನು ಸೂಟ್‌ಕೇಸುಗಳ ಜೊತೆ ಗುದ್ದಾಡುತ್ತಿದ್ದರೆ, ಮಾವ ಕಂಪ್ಯೂಟರಿನ ಮುಂದೆ ಕೂತೇ ಇದ್ದರು. “ಫ್ಲೈಟ್ ಟೈಮ್ ನೋಡ್ತಿದೀನಮ್ಮ” ಎಂದರು. ಆಗಲೇ ಗಂಟೆ ನಾಲ್ಕು ದಾಟಿತ್ತು. ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದಾಗ ಮನೆ ಭಣಭಣ ಅನ್ನುತ್ತಿತ್ತು. ಕಾವಲಿನ ಹೊತ್ತಾಗಿತ್ತಲ್ಲ, ಪುಟ ತೆಗೆದೆ. ಎಲೆಕೋಸಿನವನ ಕೆಳಗೆ ಇಂಗ್ಲಿಷಿನಲ್ಲಿ ಒಂದು ಹೊಸ ಸಾಲಿತ್ತು: ‘ಶೈಲಜಾ, ಎಂ.ಎಸ್ಸಿ., ಎನ್. ಮರ್ಫಿಯವರ ಸೊಸೆ. ಈ ಊರನ್ನು ದೂರದಿಂದ ಕಾಯುತ್ತಿದ್ದಾರೆ.’

ಕಣ್ಣು ಒರೆಸಿಕೊಂಡೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಇಂಗ್ಲೆಂಡು ನಿದ್ದೆಯಲ್ಲಿತ್ತು. ಬೆಳಗಾಗುವವರೆಗೆ ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಆದರೆ ಪಾಪದ ಎರಡು ನಾಯಿಗಳ ಮುಖ ನೆನಪಾಯಿತು. ಒಂದು ಪ್ರಿಂಟು ತೆಗೆದುಕೊಂಡು, ಆ ಸಾಲನ್ನು ನನ್ನ ಕೈಯಾರೆ ಅಳಿಸಿದೆ. ಕಾರಣ ಬರೆಯುವ ಜಾಗದಲ್ಲಿ ‘ಗಣ್ಯರಲ್ಲ, ಆಧಾರವಿಲ್ಲ’ ಎಂದು ಬರೆದೆ.

ಪ್ರಿಂಟನ್ನು ನನ್ನ ಪಾಸ್‌ಪೋರ್ಟಿನ ಚೀಲಕ್ಕೆ ಸೇರಿಸುವ ಮುನ್ನ ಇನ್ನೊಮ್ಮೆ ಓದಿದೆ. ಒಂದು ಬೆರಳಿನ ಟೈಪಿಂಗಿನಲ್ಲಿ ನನ್ನ ಹೆಸರಿನ ‘ಎಚ್’ ಬಿಟ್ಟುಹೋಗಿ ಶೈಲಜಾ ‘ಸೈಲಜಾ’ ಆಗಿತ್ತು. ಅತ್ತಿತ್ತ ನೋಡಿದೆ, ಯಾರೂ ಇರಲಿಲ್ಲ. ನೀಲಿ ಪೆನ್ನು ತೆಗೆದು ಜಾಗ್ರತೆಯಾಗಿ ತಿದ್ದಿಕೊಂಡೆ.