ಕ್ವಾಲೆಯ ಹೊಟ್ಟೆನೋವು

ಬೆಳಗಿನ ಗೆಣಸು ಇನ್ನೂ ಬೆಂದಿರಲಿಲ್ಲ, ತುಂಬು ಬಸುರಿ ಅಲಿತಾ ಸೊಂಟ ಹಿಡಿದುಕೊಂಡು ಕೂತುಬಿಟ್ಟಳು. ಅವಳ ಗಂಡ ಕ್ವಾಲೆ ಒಲೆ ಬಿಟ್ಟು ಎದ್ದ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹೆಣ್ಣುಮಗಳು ಹೀಗೇ ಕೂತವಳು, ಹೊತ್ತಿಗೆ ದೋಣಿ ಸಿಗದೆ ಕೂಸಿನ ಜೊತೆಗೇ ಹೋಗಿಬಿಟ್ಟಿದ್ದಳು. ಆಸ್ಪತ್ರೆ ಹಿನ್ನೀರಿನ ಆಚೆ ದಡದಲ್ಲಿ. ನೀರು ಇಳಿದರೆ ನಡುವಿನ ಹವಳದ ದಿಬ್ಬ ದಾಟಲಾಗದು.

ಊರಲ್ಲಿ ಎಂಜಿನ್ ಇದ್ದ ದೋಣಿ ಒಂದೇ, ಅಲಿತಾಳ ಅಣ್ಣ ಓಲೊಫಿಯನದು. ಅಲ್ಲೇ ಇತ್ತು ಗ್ರಹಚಾರ. ಮಲೈತಾ ದ್ವೀಪದಲ್ಲಿ ತಂಗಿಯ ಬಸಿರು, ಬಾಣಂತನದ ಮಾತು ಅಣ್ಣನ ಕಿವಿಗೆ ಬೀಳಕೂಡದು. ಬಿದ್ದರೆ ಆಡಿದವನು ದಂಡವಾಗಿ ಹಂದಿ, ಹಣದಂತೆ ನಡೆಯುವ ಚಿಪ್ಪಿನ ಸರ ಎಲ್ಲ ತೆರಬೇಕು. ಮತ್ತೆ ದೋಣಿಯ ಆಸೆಯನ್ನಂತೂ ಬಿಟ್ಟುಬಿಡಬೇಕು.

ಓಲೊಫಿಯ ಯಾಕೋ ಮೀನಿಗೂ ಹೋಗದೆ ದೋಣಿಯಲ್ಲೇ ಕೂತು ಬಲೆ ರಿಪೇರಿ ಮಾಡುತ್ತಿದ್ದ. ಕ್ವಾಲೆ ಬೆವರುತ್ತ ಎದುರು ನಿಂತ.

"ಏನ್ ಭಾವ, ಬೆಳಬೆಳಗ್ಗೆ?"

"ಆಸ್ಪತ್ರೆಗೆ ಹೋಗ್ಬೇಕಿತ್ತು."

"ಯಾರಿಗೇನಾಯ್ತು?"

"ನಂಗೇ. ಹೊಟ್ಟೆನೋವು."

ಅಷ್ಟು ಸಾಕಾಯಿತು. ಬೊಲಾ ಅಜ್ಜಿಯ ಕಷಾಯ ಕುಡಿಯದೆ ಹೊಟ್ಟೆನೋವಿನವರು ಊರು ಬಿಡುವ ಪದ್ಧತಿಯೇ ಇರಲಿಲ್ಲ. ಅಜ್ಜಿ ಬಂದಳು, ಹಿಂದೆ ಅರ್ಧ ಊರೇ ಬಂತು. ಒಬ್ಬ ಕಾಲು ಹಿಡಿದ, ಇನ್ನೊಬ್ಬ ಮೂಗು ಹಿಡಿದ, ಅಜ್ಜಿ ಒಂದು ಕರಟ ತುಂಬ ಹಸಿರು ಕಷಾಯವನ್ನು ಗಂಟಲಿಗೆ ಸುರಿದಳು. ಮುಖ ಇನ್ನೂ ಬಿಳುಚಿಕೊಂಡೇ ಇದೆಯೆಂದು ಇನ್ನೊಂದು ಕರಟ. ಮುಖ ಬಿಳುಚಿದ್ದು ಹೆಂಡತಿಯ ಚಿಂತೆಗೆ ಎಂದು ಬಾಯಿಬಿಡುವ ಹಾಗಿರಲಿಲ್ಲ.

ರೋಗಿಯನ್ನು ಚಾಪೆಯ ಸಮೇತ ದೋಣಿಗೆ ಹಾಕಿದರು. ಆರೈಕೆಗೆಂದು ಅಲಿತಾ ಹತ್ತಿ, ಅಣ್ಣನಿಗೆ ಬೆನ್ನು ಮಾಡಿ ಕೂತಳು. ಅಣ್ಣನೆದುರು ನರಳುವಂತಿಲ್ಲ. ನೋವು ಬಂದಾಗಲೆಲ್ಲ ಅವಳು ಗಂಡನ ಕೂದಲು ಹಿಡಿದು ಹಿಂಡುವಳು, ಅವಳ ಪಾಲಿನದನ್ನೂ ಸೇರಿಸಿ ಇವನು ಅರಚುವನು. ದೋಣಿಯ ತಳ ಹವಳಕ್ಕೆ ಕರಕರ ಉಜ್ಜಿತು. ಅದೇ ಹೊತ್ತಿಗೆ ಅಲಿತಾಳ ಹಿಡಿತ ಸಡಿಲವಾಯಿತು. ಹೋದಳೇ? ಕ್ವಾಲೆ ಅರಚುವುದನ್ನೇ ಮರೆತ.

"ಕೂಗ್ರೀ," ಎಂದು ಅವಳು ಪಿಸುಗುಟ್ಟಿದಳು. "ಇನ್ನೊಂದು ಬರ್ತಿದೆ."

ಓಲೊಫಿಯ ನೀರನ್ನೇ ನೋಡುತ್ತ ಎಂಜಿನ್ನಿನ ವೇಗ ಹೆಚ್ಚಿಸಿದ.

ದಡದಲ್ಲಿ ಅವನು ಭಾವನನ್ನು ಮೂಟೆಯಂತೆ ಹೆಗಲಿಗೇರಿಸಿ ಆಸ್ಪತ್ರೆಯ ಮುಂಬಾಗಿಲಿಗೆ ನಡೆದ. ಅಲಿತಾಳನ್ನು ನರ್ಸ್ ಹಿಂಬಾಗಿಲಿಂದ ಒಳಗೆ ಕರೆದುಕೊಂಡಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಕೂಸು ಅತ್ತಿತು. ತಾಯಿ, ಮಗು ಇಬ್ಬರೂ ಕ್ಷೇಮವೆಂದು ನರ್ಸ್ ಕಿಟಕಿಯಿಂದ ಸನ್ನೆ ಮಾಡಿದಾಗ ಕ್ವಾಲೆಗೆ ಹೋದ ಜೀವ ಬಂತು. ಕಷಾಯ ಕೆಲಸ ಶುರುಮಾಡಿದ್ದೂ ಆಗಲೇ.

ಸಂಜೆಯಾದರೂ ಅವನಿಗೆ ಮಂಚಕ್ಕೂ ಕಕ್ಕಸಿಗೂ ಓಡಾಟ ತಪ್ಪಲಿಲ್ಲ. ಭೇದಿ ನಿಲ್ಲುವ ತನಕ ಕೂಸಿನ ಹತ್ತಿರ ಸುಳಿಯಬಾರದೆಂದು ನರ್ಸ್ ಬಾಗಿಲು ಹಾಕಿದಳು.

ಮಂಚದ ಪಕ್ಕ ಕೂತಿದ್ದ ಓಲೊಫಿಯ ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದ. "ಪೆಟ್ರೋಲ್ ತುಂಬಿಸ್ಕೊಂಡು ಎರಡು ದಿನದಿಂದ ದೋಣೀಲೇ ಕೂತಿದ್ದೆ ಭಾವ, ನೀವು ಏನಾದ್ರೂ ಸುಳ್ಳು ಹೇಳ್ಕೊಂಡು ಬರ್ತೀರಿ ಅಂತ. ಮುಂದಿನ ಸಲ ಹಲ್ಲುನೋವು ಅನ್ನಿ. ಹೊಟ್ಟೆನೋವು ಅಂದ್ಮೇಲೆ ಊರೆದುರು ಕಷಾಯ ಕುಡಿಸ್ದೆ ಇರೋಕಾಗುತ್ತಾ?"