ಮುಳ್ಳಣ್ಣನ ಗಾಜುಗಣ್ಣು

ನುಸಿಗುಳಿಗೆ, ಹಸಿ ಜೇಡಿಮಣ್ಣು, ಒಣಹುಲ್ಲು ಬೆರೆತ ವಾಸನೆ ಮೂಗಿಗೆ ಬಡಿದರೆ ಹುಲ್ಲಪ್ಪನ ಅಂಗೈ ಈಗಲೂ ಬೆವರುತ್ತದೆ. ಚಿಕ್ಕಂದಿನಲ್ಲಿ ಅಪ್ಪನ ಕೆಲಸದ ಕೋಣೆಯಿಂದ ಬರುತ್ತಿದ್ದ ವಾಸನೆ ಅದು. ಸತ್ತ ಪ್ರಾಣಿಗಳ ಚರ್ಮ ಬಿಡಿಸಿ, ಹುಲ್ಲು ತುಂಬಿ, ಬದುಕಿದ್ದ ಹಾಗೆಯೇ ನಿಲ್ಲಿಸುವುದು ಅಪ್ಪನ ಕಸುಬು. ಬಾಗಿಲು ತೆಗೆದರೆ ಅಳಿಲು, ಬಾವಲಿ, ಉಡ ಎಲ್ಲವೂ ಗಾಜುಗಣ್ಣಿನಿಂದ ಇವನನ್ನೇ ನೋಡುತ್ತಿದ್ದವು. ನೀರಿಗೆ ಹೆದರುವ ಅಂಬಿಗನ ಹಾಗೆ, ಹೆದರಿಕೊಂಡೇ ಅದೇ ಕಸುಬು ಕಲಿತ. ಹುಲ್ಲು ತುಂಬಿ ತುಂಬಿ ಹುಲ್ಲಪ್ಪನೇ ಆದ; ಅವನ ನಿಜವಾದ ಹೆಸರು ಬೀದಿಯವರಿಗೆ ಮರೆತೇಹೋಗಿತ್ತು.

ಆ ಚಳಿಯ ಬೆಳಿಗ್ಗೆ ಮನೆಯ ಒಡತಿ ಅಜ್ಜಿ ಬಾಗಿಲು ಬಡಿದರು. ಅವರು ಕೆಮ್ಮಿದರೆ ಬಾಡಿಗೆಯವರೆಲ್ಲ ಎದ್ದು ನಿಲ್ಲುತ್ತಿದ್ದರು. ಇಂದು ಮಾತ್ರ ಅವರ ಕಣ್ಣು ಕೆಂಪಾಗಿತ್ತು.

“ನನ್ನ ಮುಳ್ಳಣ್ಣ ಹೋಗ್ಬಿಟ್ನಪ್ಪ.”

ಮುಳ್ಳಣ್ಣನೆಂದರೆ ಅಜ್ಜಿ ಸಾಕಿದ ಮುಳ್ಳಿಲಿ. ಚೂಪು ಮೂತಿ, ಮೈತುಂಬ ಮುಳ್ಳು, ಮುಷ್ಟಿಯಷ್ಟು ಜೀವ. ಈಗ ಶಾಲಿನೊಳಗೆ ಉಂಡೆಯಾಗಿ, ಕಲ್ಲಿನಂತೆ ತಣ್ಣಗಿತ್ತು.

“ಸಂಜೆಯೊಳಗೆ ಅವನು ನನ್ನನ್ನೇ ನೋಡೋ ಹಾಗೆ ಮಾಡಿಕೊಡು. ಮುಖ ಕೆಡಿಸಿದ್ಯೋ, ಮನೆ ಖಾಲಿ ಮಾಡು!”

ಸೆಟೆದ ಮೈಯನ್ನು ಮೊದಲು ಬೆಚ್ಚಗಿನ ಮರಳಿನ ಮೇಲೆ ಮಲಗಿಸಬೇಕು, ಮೆತ್ತಗಾದ ಮೇಲೆ ಕತ್ತಿ ಹಿಡಿಯಬೇಕು. ಅದು ಅಪ್ಪ ಕಲಿಸಿದ ಪಾಠ. ಹುಲ್ಲಪ್ಪ ಮುಳ್ಳಣ್ಣನನ್ನು ಹಾಗೆಯೇ ಮಲಗಿಸಿ, ಆ ಕಡೆ ತಿರುಗಿ ಕತ್ತಿ ಮಸೆಯತೊಡಗಿದ.

ಬೆನ್ನ ಹಿಂದೆ ಯಾರೋ ಸೀನಿದರು.

ತಿರುಗಿದರೆ, ಮುಳ್ಳಣ್ಣ ಕಾಲು ಚಾಚಿ ಆಕಳಿಸುತ್ತಿದ್ದ! ಹುಲ್ಲಪ್ಪ ಕತ್ತಿ ಬಿಸಾಡಿ ಮೇಜು ಹತ್ತಿದ. ಇದು ಭೂತವಲ್ಲ, ಚಳಿನಿದ್ದೆಯಲ್ಲಿ ಮರಗಟ್ಟಿ, ಮರಳಿನ ಬಿಸಿಗೆ ಎದ್ದ ಪ್ರಾಣಿ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಮುಳ್ಳಣ್ಣ ಬಾಗಿಲ ಸಂದಿಯಿಂದ ಪರಾರಿಯಾಗಿದ್ದ.

ಅಜ್ಜಿಗೆ ಹೇಳೋಣವೇ? ‘ಬದುಕಿದ್ದೋನನ್ನ ಕಳೆದುಬಿಟ್ಯಾ?’ ಎಂಬ ಗುಡುಗು ಈಗಲೇ ಕಿವಿಯಲ್ಲಿ ಕೇಳಿಸಿತು. ಮೆಟ್ಟಿಲು, ಚರಂಡಿ, ಸೌದೆಯ ರಾಶಿ ಎಲ್ಲ ತಡಕಾಡಿದ, ಎಲ್ಲೂ ಸಿಗಲಿಲ್ಲ. ಪಕ್ಕದ ಮನೆಯ ಟೈಲರ್, ಎಲ್ಲರ ಮನೆಯಲ್ಲೂ ಮೂಗು ತೂರಿಸುವವನು, ಕಿಟಕಿಯಿಂದ ಇಣುಕಿದ.

“ಏನಯ್ಯಾ, ಸತ್ತದ್ದು ಎದ್ದು ಓಡಿಹೋಯ್ತಾ?”

ಹುಲ್ಲಪ್ಪ ಸೌದೆಯ ರಾಶಿಯಿಂದ ತಲೆ ಎತ್ತಿದ. ಅದೇ ಹೊತ್ತಿಗೆ ಟೈಲರ್ ಕೈಯಲ್ಲಿದ್ದ ಕೋಟು ಉಜ್ಜುವ ಬ್ರಶ್ ಕಣ್ಣಿಗೆ ಬಿತ್ತು. ಒರಟಾದ, ಕಂದು ಬಣ್ಣದ ಕೂದಲು.

“ಅಣ್ಣಾ, ಮುಳ್ಳಣ್ಣನ ಮೈ ಬಾಚ್ಬೇಕು. ಸ್ವಲ್ಪ ಕೊಡ್ತೀಯಾ?”

“ಸಂಜೆ ಹಾಗೇ ವಾಪಸ್ ಬರ್ಬೇಕು ನೋಡು!”

ಕೋಣೆಗೆ ಮರಳಿ, ನಕಲಿ ಮುಳ್ಳಣ್ಣನಿಗೆ ತಂತಿ ಬಗ್ಗಿಸಿ ಎಲುಬು ಮಾಡಿದ. ಅದಕ್ಕೆ ಹುಲ್ಲು ಸುತ್ತಿ ದಾರ ಬಿಗಿದ. ಜೇಡಿಮಣ್ಣಿನ ಮೂತಿ ತಿದ್ದಿ, ಬ್ರಶ್ಶಿನ ಕೂದಲನ್ನು ಕಿತ್ತು ಒಂದೊಂದಾಗಿ ಅಂಟಿಸಿದ. ಅಪ್ಪನ ಡಬ್ಬಿಯಿಂದ ಗಾಜುಗಣ್ಣು ತೆಗೆದು ಕೂರಿಸಿದ. ಮುಗಿದ ಮೇಲೆ ಅದು ಹಲ್ಲುನೋವು ಬಂದ ತೆಂಗಿನಕಾಯಿಯಂತೆ ಕಾಣುತ್ತಿತ್ತು.

ಸಂಜೆ ಅಜ್ಜಿಯ ಕೋಣೆಯಲ್ಲಿ ಬಾಡಿಗೆಯವರೆಲ್ಲ ಸೇರಿದ್ದರು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿದರು. ಟೈಲರ್ ಮೆಲ್ಲಗೆ ಅದರ ಬೆನ್ನು ಸವರಿದ.

“ಅರೆ! ಇದು ನನ್ನ ಬ್ರಶ್ಶಿಂದು...”

“ಸಾವಿನ ಮನೇಲಿ ಬ್ರಶ್ಶಿನ ಮಾತೇನೋ? ಎಲ್ರೂ ನಡೀರಿ ಆಚೆ! ಹುಲ್ಲಪ್ಪ, ನೀನಿರು.”

ಬಾಗಿಲು ಮುಚ್ಚಿತು. ಹುಲ್ಲಪ್ಪ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದ. ಅಜ್ಜಿ ಮಂಚದ ಕೆಳಗಿನಿಂದ ಬುಟ್ಟಿ ಎಳೆದರು. ಒಳಗೆ ಮುಳ್ಳಣ್ಣ ಮೂತಿ ಆಡಿಸುತ್ತ ಕೂತಿದ್ದ!

“ಬೆಳಿಗ್ಗೇನೇ ವಾಪಸ್ ಬಂದ ಕಣೋ. ಹೇಳೋಣ ಅಂತ ಬಂದ್ರೆ, ನೀನು ನಡುಗೋ ಕೈಲಿ ಒಂದೊಂದೇ ಕೂದಲು ಅಂಟಿಸ್ತಿದ್ದೆ. ಹೇಳೋಕೆ ಮನಸ್ಸು ಬರ್ಲಿಲ್ಲ.”

ಹೋದ ಜೀವ ಬಂದಂತಾಯಿತು. “ಹಾಗಾದ್ರೆ... ಮನೆ, ಅಜ್ಜಿ?”

“ಇರಪ್ಪ, ಯಾರು ಬೇಡಾಂದ್ರು? ಆದ್ರೆ ಇದನ್ನ ನೀನೇ ಇಟ್ಕೋ. ಮುಳ್ಳಣ್ಣ ಹೆದರ್ಕೋತಾನೆ. ಅಷ್ಟು ಕಷ್ಟಪಟ್ಟು ಮಾಡಿದೀಯ, ಮೂಲೆಗೆ ಎಸೀಬೇಡ. ನಿನ್ನ ಮಂಚದ ಎದುರಿಗೇ ಇಡು. ದಿನಾ ಬಂದು ನೋಡ್ತೀನಿ!”

ಗಾಜುಗಣ್ಣುಗಳು ಹುಲ್ಲಪ್ಪನನ್ನೇ ನೋಡುತ್ತಿದ್ದವು. ಹೊರಗೆ ಟೈಲರ್ ಬಾಗಿಲು ಗುದ್ದುತ್ತಿದ್ದ.

ಅಜ್ಜಿ ಒಳಗೆ ಹೋಗಿ ಮುಚ್ಚಿದ ಡಬ್ಬಿಯೊಂದನ್ನು ತಂದು ಚಾಚಿದರು. ಹುಲ್ಲಪ್ಪ ಗೋಡೆಗೆ ಅಂಟಿಕೊಂಡ.

“ಇದ್ರಲ್ಲಿ... ಯಾರಜ್ಜಿ?”

ಅಜ್ಜಿ ಮುಚ್ಚಳ ತುಸು ಸರಿಸಿದರು. ಬೆಳಗಿನಿಂದ ಏನೂ ತಿನ್ನದ ಅವನ ಮುಖಕ್ಕೆ ಬಿಸಿ ಊಟದ ಹಬೆ ತಗುಲಿತು. ಡಬ್ಬಿಯನ್ನು ಅವನ ಕೈಗಿಟ್ಟು, ಕೈಯ ನಡುಕ ನಿಲ್ಲುವವರೆಗೂ ಅಜ್ಜಿ ಅದನ್ನು ಹಿಡಿದುಕೊಂಡೇ ಇದ್ದರು.