ಮೊಣಕಾಲಿಗೆ ಗಾದಿ ತುಂಬಲು ಹೋಗಿ

ಬೈಲಹೊಂಗಲದಲ್ಲಿ ಗಾದಿ ಎಂದರೆ ನಾನು, ನಾನು ಎಂದರೆ ಗಾದಿ. ಮದುವೆಯ ಗಾದಿ, ಬಾಣಂತಿಯ ಗಾದಿ, ಬೀಗರು ಬಂದಾಗ ಮಾತ್ರ ಅಟ್ಟದಿಂದ ಇಳಿಯುವ ಗಾದಿ, ಎಲ್ಲವನ್ನೂ ಹೊಲಿದವನು ನಾನೇ. ಎಷ್ಟೇ ಚಪ್ಪಟೆಯಾದ ಗಾದಿ ತನ್ನಿ, ಬಿಚ್ಚಿ, ಅರಳೆ ಹಿಂಜಿ, ಒಂದಿಷ್ಟು ಹೊಸ ಅರಳೆ ಸೇರಿಸಿ ಉಬ್ಬಿಸಿ ಕೊಡುತ್ತೇನೆ. ಆದ್ದರಿಂದ ನನ್ನ ಬಲ ಮೊಣಕಾಲಿನ ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದ್ದನ್ನು ಕೇಳಿದಾಗ ನನಗೆ ಭಯವಾಗಲಿಲ್ಲ, ನಗು ಬಂತು.

“ಶಿವಲಿಂಗಪ್ಪನವರ, ಎರಡು ಎಲುಬಿನ ನಡುವ ಒಂದು ಮೆತ್ತನ್ನ ಪದರ ಇರತೈತಿ, ನೀವು ಮಾಡೂ ಗಾದಿ ಇದ್ದಂಗ. ಅದು ಸವದೈತಿ.”

“ಇಷ್ಟ ಹೌದಿಲ್ರಿ? ಹಂಗಾದ್ರ ತುಂಬಿಬಿಡ್ರಿ!”

“ಅಂಗಡ್ಯಾಗಿನ ಗಾದಿ ಅಲ್ರೀ ಅದು! ಸವದದ್ದನ್ನ ಮತ್ತ ಬೆಳಸೂ ಔಷಧ ಹುಡುಕಾಕ ಹತ್ತ್ಯಾರ. ಖಾತ್ರಿ ಅನ್ನುವಂಥದ್ದು ಇನ್ನೂ ಸಿಕ್ಕಿಲ್ಲ. ನೋವಿಗೆ ಮುಲಾಮು ಕೊಡತೇನಿ. ತೂಕ ಇಳಸ್ರಿ, ತೊಡಿ ಗಟ್ಟಿ ಆಗೂ ವ್ಯಾಯಾಮ ಮಾಡ್ರಿ. ನೆಲದ ಮ್ಯಾಲ ಭಾಳೊತ್ತು ಕುಂದರಬ್ಯಾಡ್ರಿ.”

ನೆಲದ ಮೇಲೆ ಕೂರಬಾರದು! ಈಗ ಮಾತ್ರ ನನ್ನ ನಗು ನಿಂತಿತು. ಓಣಿಯ ಭಜನಾ ಮಂಡಳಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವನು ನಾನು. ಅದನ್ನು ಬಿಟ್ಟರೆ ಊರಿನಲ್ಲಿ ನನಗೆ ಇನ್ನೊಂದು ಸಂತೋಷವಿಲ್ಲ. ನನಗೊಂದು ಕುರ್ಚಿ ಬೇಕೆಂದು ಕೇಳಿದರೆ ಮಂಡಳಿಯ ಹಿರಿಯರಾದ ಈರಪ್ಪಜ್ಜನವರದು ಒಂದೇ ಕಾನೂನು.

“ಜಮಖಾನಿ ಮ್ಯಾಲ ಎಲ್ಲಾರೂ ಒಂದ ಸಮ. ಕುರ್ಚಿ ತರಾಂಗಿಲ್ಲ. ಮುಂದಿನ ತಿಂಗಳ ಮುರಗೋಡದ ಭಜನ್ಯಾಗ ನಿನಗ ಕುಂದರಾಕ ಆಗಲಿಲ್ಲಂದ್ರ ಪೇಟಿ ನಮ್ಮ ಅಳಿಯಾಗ ಕೊಡತೇನಿ, ನೋಡು.”

ಅವರ ಅಳಿಯ ಪೇಟಿ ಹಿಡಿದರೆ ಓಣಿಯ ನಾಯಿಗಳೂ ದನಿಗೂಡಿಸುತ್ತವೆ. ಅಂಥವರ ಕೈಗೆ ನನ್ನ ಪೇಟಿಯೇ! ಆ ಸಂಕಟದಲ್ಲಿ ಮೊಬೈಲು ಒತ್ತುತ್ತ ಕೂತಿದ್ದಾಗ ಒಂದು ಜಾಹೀರಾತು ದರ್ಶನ ಕೊಟ್ಟಿತು. ‘ಮೊಣಕಾಲಿನ ಸವೆದ ಪದರ ಮರಳಿ ಬೆಳೆಯುತ್ತದೆ!’ ಚಿತ್ರದಲ್ಲಿ ಅಜ್ಜನೊಬ್ಬ ಕುಂಟಾಬಿಲ್ಲೆ ಆಡುತ್ತಿದ್ದ. ತಡಮಾಡದೆ ಆ ಜಾಹೀರಾತಿನ ಪುಡಿಯ ಡಬ್ಬಿ ತರಿಸಿದೆ.

ಹೆಂಡತಿ ಕಸ್ತೂರಿ ಡಬ್ಬಿಯನ್ನು ಮೂಸಿ ನೋಡಿ ಮುಖ ಕಿವಿಚಿದಳು. “ಡಾಕ್ಟರ್‌ನ ಒಂದ್ ಮಾತು ಕೇಳಿ ತಗೋರೀ.”

“ಗಾದಿ ವಿಷಯದಾಗ ಡಾಕ್ಟರಿಗೇನು ಗೊತ್ತ?” ಎಂದೆ.

ದಿನಕ್ಕೆ ಒಂದು ಚಮಚ ಎಂದು ಡಬ್ಬಿಯ ಮೇಲೆ ಬರೆದಿತ್ತು. ಒಂದು ಚಮಚಕ್ಕೆ ಯಾವ ಗಾದಿ ಉಬ್ಬೀತು? ಸಡಿಲ ತುಂಬಿದರೆ ವರ್ಷದೊಳಗೆ ಚಪ್ಪಟೆ ಎಂದು ಗಿರಾಕಿಗಳಿಗೆ ಉಪದೇಶ ಮಾಡುವವನೇ ನಾನು. ಮುಂಜಾನೆ ಎರಡು, ಸಂಜೆ ಎರಡು, ಬಿಗಿಯಾಗಿ ತುಂಬಿದೆ. ವ್ಯಾಯಾಮ ಮಾತ್ರ ಮಾಡಲಿಲ್ಲ. ತುಂಬುವ ಹೊತ್ತಿಗೆ ಗಾದಿಯನ್ನು ಯಾರಾದರೂ ಕುಣಿಸುತ್ತಾರೆಯೇ! ಹೊಟ್ಟೆ ಆಗಾಗ ಏನೋ ಗೊಣಗುತ್ತಿತ್ತು, ನಾನು ಕಿವಿಗೊಡಲಿಲ್ಲ. ನೋವೇನೋ ಕಡಿಮೆಯಾಯಿತು. ಅದು ಮುಲಾಮಿನ ಗುಣವೆಂದು ಕಸ್ತೂರಿ ಹೇಳಿದಳು. ನಾನು ಪುಡಿಯ ಪರ ವಹಿಸಿ ಅಂಗಡಿಗೆ ಬಂದವರಿಗೆಲ್ಲ ಭಾಷಣ ಬಿಗಿದೆ.

ಮುರಗೋಡದ ಭಜನೆಯ ದಿನ ಬಂತು. ಹೊರಡುವ ಮುನ್ನ ರಕ್ಷಣೆಗೆಂದು ಪುಡಿಯನ್ನು ಇನ್ನಷ್ಟು ತುಂಬಿಕೊಂಡೆ. ಸಂಜೆ ಎಲ್ಲರೆದುರು ಚಕ್ಕಳಮಕ್ಕಳ ಹಾಕಿ ಕೂತು ಈರಪ್ಪಜ್ಜನವರ ಕಡೆ ಗೆದ್ದವನ ನೋಟ ಬೀರಿದೆ. ಮೊದಲೆರಡು ಪದ ಅದ್ಭುತವಾಗಿ ಹೋದವು. ಮೂರನೆಯದರಲ್ಲಿ ಮೊಣಕಾಲು ಬೀಗ ಹಾಕಿಕೊಂಡಿತು. ನಾಲ್ಕನೆಯದರಲ್ಲಿ ಹೊಟ್ಟೆ ಗುಡುಗಿತು.

ಪಕ್ಕದಲ್ಲಿ ತಬಲಾ ನುಡಿಸುತ್ತಿದ್ದ ಗೆಳೆಯ ಹಸನಸಾಬ ಬಗ್ಗಿ ಕೇಳಿದ. “ಯಾಕೋ ಶಿವಲಿಂಗ, ಬೆವರಾಕ ಹತ್ತೀಯಲ್ಲ?”

“ಕಾಲು ಬಿಚ್ಚವಲ್ದೋ! ಹೊಟ್ಟ್ಯಾಗ ಗಿರಣಿ ಸುರು ಆಗೈತಿ. ಲಗೂನ ಹೊರಗ ಹೋಗಬೇಕು!”

“ಹಂಗಾದ್ರ ಏಳು!”

“ಏಳಾಕ ಬಂದಿದ್ರ ನಿನಗ್ಯಾಕ ಹೇಳತಿದ್ದೆ?”

ಕಣ್ಣು ಮುಚ್ಚಿ ಹಲ್ಲು ಕಚ್ಚಿದೆ. ಕಣ್ಣೀರು ಧಾರೆಯಾಗಿ ಇಳಿಯಿತು. ಎದುರಿಗಿದ್ದ ಅಜ್ಜಿಯೊಬ್ಬಳು ಕೈಮುಗಿದಳು. “ನೋಡವಾ, ಎಂಥಾ ಭಕ್ತಿ! ಪೇಟಿ ಬಾರಸ್ಕೋತ ಅಳಾಕ ಹತ್ತ್ಯಾರ!” ಒಬ್ಬರು ನನ್ನ ಕೊರಳಿಗೆ ಹೂವಿನ ಹಾರ ಹಾಕಿದರು. ಇನ್ನೊಬ್ಬರು ಆರತಿ ತಂದರು. ಸಂತೋಷಗೊಂಡ ಈರಪ್ಪಜ್ಜನವರು, “ಶಿವಲಿಂಗಗ ಭಾವ ಬಂದೈತಿ, ಇನ್ನೊಂದು ದೊಡ್ಡ ಪದ ಹಿಡೀರಿ!” ಎಂದು ಅಪ್ಪಣೆ ಮಾಡಿದರು. ಆ ಕ್ಷಣದಲ್ಲಿ ನಾನು ನಿಜವಾಗಿಯೂ ದೇವರನ್ನು ಕೂಗಿದೆ!

ಪದ ಮುಗಿದದ್ದೇ ತಡ, ಹಸನಸಾಬ ನಾಲ್ವರನ್ನು ಕರೆದು ನನ್ನನ್ನು ಕೂತ ಭಂಗಿಯಲ್ಲೇ ಜಮಖಾನೆ ಸಮೇತ ಎತ್ತಿಸಿದ. ಪಲ್ಲಕ್ಕಿಯೆಂದು ತಿಳಿದ ಜನ ಹೂವೆರಚಿ ಹಿಂಬಾಲಿಸಿದರು. ಒಬ್ಬರು ಜಯಘೋಷವನ್ನೂ ಮಾಡಿದರು. ಪಲ್ಲಕ್ಕಿ ಹಿತ್ತಲಿನ ಪಾಯಖಾನೆಯ ಮುಂದೆ ಇಳಿಯಿತು! ಜಯಘೋಷ ಅರ್ಧಕ್ಕೆ ನಿಂತಿತು.

ಮರುದಿನ ಡಾಕ್ಟರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪುಡಿ ನಿಲ್ಲಿಸಿ, ಹೊಟ್ಟೆಗೆ ಔಷಧ ಕೊಟ್ಟು, ವ್ಯಾಯಾಮವನ್ನು ಮತ್ತೆ ಮೊದಲಿನಿಂದ ಹೇಳಿದರು. ಈ ಸಲ ಕಸ್ತೂರಿಯೂ ಜೊತೆಗಿದ್ದಳು. ಈಗ ದಿನಾ ಅವಳೆದುರು ಕಾಲೆತ್ತಿ ಇಳಿಸುವುದೇ ನನ್ನ ತಪಸ್ಸು. ಒಂದು ಸಲ ತಪ್ಪಿಸಿದರೂ ರೊಟ್ಟಿ ತಟ್ಟುವ ಸದ್ದು ನಿಲ್ಲುತ್ತದೆ!

ಪೇಟಿ ಹೋಯಿತೆಂದು ಎದೆ ಕಲ್ಲು ಮಾಡಿಕೊಂಡಿದ್ದೆ. ಆದರೆ ಈರಪ್ಪಜ್ಜನವರೇ ಮನೆಗೆ ಬಂದರು. ಹೊಸ್ತಿಲು ದಾಟುವಾಗ ಅವರ ಮೊಣಕಾಲೂ ಕಟಕ್ ಎಂದಿತು.

“ಖರೇ ಹೇಳಲೇನಪಾ? ನೆಲದಿಂದ ಏಳೂದು ನನಗೂ ಆಗವಲ್ದು. ನಾಚಿಕಿ ಆಗಿ ಸುಮ್ನಿದ್ದೆ. ನಿನ್ನ ಹಂಗ ಪಲ್ಲಕ್ಕ್ಯಾಗ ಹೋಗೂದು ಬ್ಯಾಡ. ಇನ್ನ ಎಲ್ಲಾರೂ ಕುರ್ಚಿ ಮ್ಯಾಲನ ಒಂದ ಸಮ ಕುಂದರೂಣು.”

ಸಂತೋಷದಿಂದ ಆಗಲೇ ಸೂಜಿ ದಾರ ಹುಡುಕಿದೆ. ಮಂಡಳಿಯ ಕುರ್ಚಿಗಳಿಗೆಲ್ಲ ನಾನೇ ಕೈಯಾರೆ ಗಾದಿ ಹೊಲಿದು ಕೊಟ್ಟೆ. ಇಷ್ಟೆಲ್ಲ ಆದ ಮೇಲೆ ನನಗೆ ಬುದ್ಧಿ ಬಂದಿರಬೇಕೆಂದು ನೀವು ಎಣಿಸಬಹುದು. ಪ್ರೀತಿ ಉಕ್ಕಿ ಅರಳೆಯನ್ನು ಎರಡು ಪಾಲು ತುಂಬಿಬಿಟ್ಟಿದ್ದೆ. ಮೊದಲ ಪದಕ್ಕೇ ಈರಪ್ಪಜ್ಜನವರು ಗುಡ್ಡದಂತೆ ಉಬ್ಬಿದ ಗಾದಿಯಿಂದ ಜಾರಿ ಜಮಖಾನೆಗೆ ಬಂದರು!